ಇಲ್ಲಿಂದ ಕತ್ತರಿಸಿ

ಈಗ ಕೋಡಿಂಗ್ ಸ್ಪರ್ಧೆಗೆ ಕೂರೋ ಹುಡುಗರು ಬ್ರೌಸರಿನಲ್ಲಿ ಒಂದು ಬಟನ್ ಒತ್ತುತ್ತಾರೆ. ಪ್ರಶ್ನೆಯ ಜೊತೆಗಿದ್ದ ಮಾದರಿ ಇನ್‌ಪುಟ್‌ಗಳೆಲ್ಲ ವಿಎಸ್ ಕೋಡ್‌ಗೆ ಬಂದು ಕೂರುತ್ತವೆ. ಇನ್ನೊಂದು ಬಟನ್ ಒತ್ತಿದರೆ ಉತ್ತರ ಸರಿಯೋ ತಪ್ಪೋ ಗೊತ್ತಾಗುತ್ತದೆ. ಮೊದಲಿಂದಲೂ ಹೀಗೇ ಇತ್ತು ಅಂದ್ಕೊಂಡಿರ್ತಾರೆ. ಇರಲಿಲ್ಲ.

ಈ ಕಥೆ ನನ್ನ ಮಟ್ಟಿಗೆ ಶುರುವಾಗೋದು ಅಮೆರಿಕದ ಟಾಪ್‌ಕೋಡರ್‌ನಿಂದ, 2001ರಲ್ಲಿ. ಸ್ಪರ್ಧೆ ನಡೆಯುತ್ತಿದ್ದದ್ದು ‘ಅರೀನಾ’ ಅನ್ನೋ ಜಾವಾ ಆಪ್ಲೆಟ್ ಒಳಗೆ. ಮೂರು ಪ್ರಶ್ನೆ, 75 ನಿಮಿಷ. ಪ್ರಶ್ನೆ ತೆರೆದ ಕ್ಷಣದಿಂದಲೇ ಅದರ ಅಂಕ ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗುತ್ತಿತ್ತು. ಅರೀನಾದ ಸ್ವಂತ ಎಡಿಟರ್ ತೀರಾ ಸಾದಾ. ಆದರೆ ಟಾಪ್‌ಕೋಡರ್ ಒಂದು ದೊಡ್ಡ ಮನಸ್ಸು ಮಾಡಿತು: ನಮ್ಮ ಎಡಿಟರ್ ಹಿಡಿಸದಿದ್ದರೆ ನಿಮ್ಮದೇ ಬರೆದು ಸಿಕ್ಕಿಸಿಕೊಳ್ಳಿ ಅಂತ ಬಾಗಿಲು ತೆರೆದಿಟ್ಟಿತು. ಸ್ಪರ್ಧಿಗಳೇ ಕೂತು ಬರೆದರು. ಫೈಲ್‌ಎಡಿಟ್ ನಿಮ್ಮ ಕೋಡನ್ನು ಡಿಸ್ಕಿನ ಫೈಲಿಗೆ ಜೋಡಿಸುತ್ತಿತ್ತು, ವಿಮ್‌ನವರು ವಿಮ್‌ನಲ್ಲೇ ಬರೆಯಬಹುದಿತ್ತು. ಟಿಝಡ್‌ಟೆಸ್ಟರ್ ಪ್ರಶ್ನೆಯ ಉದಾಹರಣೆಗಳನ್ನೇ ಪರೀಕ್ಷೆಯ ಕೋಡ್ ಮಾಡಿ ಕೊಡುತ್ತಿತ್ತು. ಕವಿಗಿಎಡಿಟ್ ಎರಡನ್ನೂ ಒಂದೇ ಕಡೆ ತಂದಿತು.

ಇಲ್ಲೊಂದು ತೊಡಕಿತ್ತು. ಕೋಡಿಂಗ್ ಮುಗಿದ ಮೇಲೆ 15 ನಿಮಿಷ ಎದುರಾಳಿಗಳ ಕೋಡ್ ಓದಿ ತಪ್ಪು ಹುಡುಕೋ ಸುತ್ತು. ಅವರನ್ನು ಗೊಂದಲಕ್ಕೆ ಕೆಡವಲು ಯಾರೂ ಕಸ ತುಂಬಬಾರದು ಅಂತ, ಬಳಸದ ಕೋಡ್ 30 ಶೇಕಡಾ ಮೀರಬಾರದೆಂಬ ನಿಯಮ ಇತ್ತು. ಪ್ಲಗಿನ್ ಸೇರಿಸಿದ ಪರೀಕ್ಷೆಯ ಸಾಲುಗಳೂ ಬಳಸದ ಕೋಡೇ ತಾನೆ? ಅದಕ್ಕೇ ಅವುಗಳ ಮೇಲೆ ‘ಬಿಗಿನ್ ಕಟ್ ಹಿಯರ್’, ಕೆಳಗೆ ‘ಎಂಡ್ ಕಟ್ ಹಿಯರ್’ ಅನ್ನೋ ಗುರುತು. ಸಲ್ಲಿಸುವಾಗ ಪ್ಲಗಿನ್ ನಡುವಿನದ್ದನ್ನು ಕತ್ತರಿಸಿ ಕಳಿಸುತ್ತಿತ್ತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಎರಡು ಸಾಲು ಇವೇ.

ಇದು ಮೋಸ ಅಲ್ವಾ ಅಂತ ಕೇಳೋರಿದ್ದಾರೆ. ನಮ್ಮೂರಲ್ಲಿ ಕೊಯ್ಲಿಗೆ ಮುಂಚೆ ಕುಡುಗೋಲು ಮಸೆದಿಟ್ಟುಕೊಂಡವನನ್ನು ಯಾರೂ ಮೋಸಗಾರ ಅನ್ನಲ್ಲ. ಕನ್ನಡ ಮೀಡಿಯಂನಿಂದ ಬಂದ ನನಗೆ ಆ ಇಂಗ್ಲಿಷ್ ಪ್ರಶ್ನೆ ಓದಿ ಅರ್ಥ ಮಾಡ್ಕೊಳ್ಳೋಕೇ ಹತ್ತು ನಿಮಿಷ ಬೇಕಾಗ್ತಿತ್ತು. ಟೈಪಿಂಗಲ್ಲಿ ಉಳಿದ ಎರಡು ನಿಮಿಷವೂ ದೊಡ್ಡದೇ. ಆದರೆ ಒಂದು ಮಾತು: ಪ್ಲಗಿನ್‌ಗಳು ಪುಕ್ಕಟೆ ಸಿಗುತ್ತಿದ್ದವು, ಅಂಥವು ಇವೆ ಅಂತ ಹೇಳೋ ಸೀನಿಯರ್‌ಗಳು ಎಲ್ಲ ಕಾಲೇಜಲ್ಲೂ ಸಿಗುತ್ತಿರಲಿಲ್ಲ.

2010ರಲ್ಲಿ ರಷ್ಯಾದ ಸರಾತೊವ್‌ನಿಂದ ಕೋಡ್‌ಫೋರ್ಸಸ್ ಬಂತು. ಅಲ್ಲಿ ಅರೀನಾ ಇಲ್ಲ, ಸಿಕ್ಕಿಸೋಕೆ ಜಾಗವೂ ಇಲ್ಲ. ಎಲ್ಲಿ ಬೇಕಾದರೂ ಬರೆದು ಪೇಸ್ಟ್ ಮಾಡಿ. ಹಾಗಾಗಿ ಪ್ಲಗಿನ್ ನಮ್ಮ ಎಡಿಟರಿಗೇ ಬಂದು ಸೇರಿತು. ಇಂಟೆಲಿಜೆಗೆ ಬಂದ ಸಿಹೆಲ್ಪರ್ ನಿಮ್ಮ ಲೈಬ್ರರಿಯಲ್ಲಿ ಬೇಕಾದಷ್ಟನ್ನೇ ಆರಿಸಿ ಒಂದೇ ಫೈಲ್ ಮಾಡಿ ಕೊಡುತ್ತಿತ್ತು. ಕಾಂಪಿಟಿಟಿವ್ ಕಂಪ್ಯಾನಿಯನ್ ಬ್ರೌಸರಿನಿಂದ ಮಾದರಿಗಳನ್ನು ಎತ್ತಿ ಎಡಿಟರಿಗೆ ದಾಟಿಸುತ್ತದೆ. ಅತ್ತ 2015ರಲ್ಲಿ ಕ್ರೋಮ್ ಜಾವಾ ಆಪ್ಲೆಟ್‌ಗೆ ಬಾಗಿಲು ಹಾಕಿತು, 2018ರ ಜಾವಾ 11ರಲ್ಲಿ ವೆಬ್ ಸ್ಟಾರ್ಟ್ ಕೂಡ ಹೋಯಿತು.

ಈಗಿನ ಜಗಳವೇ ಬೇರೆ: ಪ್ಲಗಿನ್ ಒಳಗೇ ಎಐ ಕೂತಿದೆ. ಕೈಯ ಕೆಲಸ ಬಿಟ್ಟು ತಲೆಯ ಕೆಲಸವನ್ನೇ ಮಾಡಿಕೊಡುತ್ತೆ. 2024ರ ಸೆಪ್ಟೆಂಬರಿನಲ್ಲಿ ಕೋಡ್‌ಫೋರ್ಸಸ್ ಗೆರೆ ಎಳೆಯಿತು: ಪರಿಹಾರದ ತರ್ಕ ಎಐ ಕೈಲಿ ಬರೆಸೋ ಹಾಗಿಲ್ಲ, ಸಣ್ಣಪುಟ್ಟ ಸಿಂಟ್ಯಾಕ್ಸ್ ಸಹಾಯ ಪರವಾಗಿಲ್ಲ. ಪ್ರಶ್ನೆಯನ್ನು ನಿಮ್ಮ ಭಾಷೆಗೆ ಅನುವಾದ ಮಾಡಿಸಿಕೊಳ್ಳೋದಕ್ಕೂ ಅಡ್ಡಿಯಿಲ್ಲ.