ಕುಡಿತ ಬಿಡಬೇಕು ಅನ್ನೋರಿಗೆ: ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದವರು ಎಎ ಮೀಟಿಂಗ್ ಹುಡುಕೋದು ಹೇಗೆ?

ಬಾರ್ ಎಲ್ಲಿದೆ ಅಂತ ನಮ್ಮ ಏರಿಯಾದಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ಬೋರ್ಡ್ ದೂರದಿಂದಲೇ ಕಾಣುತ್ತೆ. ಕುಡಿತ ಬಿಟ್ಟವರು ಸೇರುವ ಜಾಗಕ್ಕೆ ಅಂಥ ದೊಡ್ಡ ಬೋರ್ಡ್ ಇರಲ್ಲ. ಬರುವವರ ಗುರುತು ಹೊರಗೆ ಹೋಗಬಾರದು ಅನ್ನೋದು ಆ ಸಭೆಗಳ ಮುಖ್ಯ ಕಟ್ಟಳೆ. ಅವನ್ನು ಹುಡುಕೋದು ಹೇಗೆ, ಒಳಗೆ ಏನಾಗುತ್ತೆ ಅನ್ನೋ ಮಾಹಿತಿ ಇಲ್ಲಿದೆ.

ಎಎ ಅಂದ್ರೆ ಏನು?

ಆಲ್ಕೋಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎಎ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಶುರುವಾಗಿದ್ದು. ಶುರು ಮಾಡಿದವರಿಬ್ಬರೂ ಕುಡಿತಕ್ಕೆ ಸಿಕ್ಕಿ ನರಳಿದವರೇ. ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಸರ್ಜನ್. ಭಾರತಕ್ಕೆ ಬಂದಿದ್ದು 1957ರಲ್ಲಿ. ಇದು ಆಸ್ಪತ್ರೆ ಅಲ್ಲ, ಇಲ್ಲಿ ಮಾತ್ರೆ ಕೊಡಲ್ಲ. ಕುಡಿತ ಬಿಟ್ಟವರು, ಬಿಡಬೇಕು ಅನ್ನೋರು ಒಟ್ಟಿಗೆ ಕೂತು ಮಾತಾಡ್ತಾರೆ, ಅಷ್ಟೇ. ಸೇರೋಕೆ ಫೀಸ್ ಇಲ್ಲ, ಆಧಾರ್ ಕಾರ್ಡ್ ಕೇಳಲ್ಲ. ಕುಡಿತ ಬಿಡಬೇಕು ಅನ್ನೋ ಮನಸ್ಸಿದ್ದರೆ ಸಾಕು.

ಹುಡುಕೋದು ಹೇಗೆ?

ಮೊಬೈಲ್‌ನಲ್ಲಿ ಎಎ ಬೆಂಗಳೂರು ಅಂತ ಹುಡುಕಿದರೆ ಸಂಸ್ಥೆಯ ವೆಬ್‌ಸೈಟ್ ಸಿಗುತ್ತೆ. ಅಲ್ಲಿರುವ ನಂಬರ್‌ಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ:

- ನಮ್ಮ ಏರಿಯಾಗೆ ಹತ್ತಿರದ ಮೀಟಿಂಗ್ ಯಾವ ದಿನ, ಎಷ್ಟು ಗಂಟೆಗೆ?
- ಕನ್ನಡದಲ್ಲಿ ನಡೆಯುತ್ತಾ, ತಮಿಳಾ, ಇಂಗ್ಲಿಷಾ?
- ಓಪನ್ ಮೀಟಿಂಗಾ, ಕ್ಲೋಸ್ಡಾ?
- ಮೊದಲ ದಿನ ಗೇಟ್ ಹತ್ತಿರ ಯಾರಾದ್ರೂ ಸಿಗ್ತಾರಾ?

ಪಟ್ಟಿಯಲ್ಲಿರುವ ಜಾಗ, ಸಮಯ ಬದಲಾಗಿರಬಹುದು. ಅದಕ್ಕೇ ಫೋನ್ ಮಾಡದೆ ಹೊರಡಬೇಡಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೂ ಕರೆ ಮಾಡಬಹುದು. ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್ 14416 ಹಗಲೂ ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಯಾರಾದ್ರೂ ನೋಡಿಬಿಟ್ರೆ?

ಅಂಗಡಿ ಇಟ್ಟವರಿಗೆ ಇದೇ ದೊಡ್ಡ ಭಯ. ಬೀದಿಯವರೆಲ್ಲ ಗುರುತಿನವರು, ಗಿರಾಕಿಗೆ ಗೊತ್ತಾದರೆ ಮರ್ಯಾದೆ ಏನಾಗುತ್ತೆ ಅಂತ. ಇದಕ್ಕೆ ಸುಲಭ ದಾರಿ, ಬೇರೆ ಏರಿಯಾದ ಮೀಟಿಂಗ್‌ಗೆ ಹೋಗೋದು. ಯಲಹಂಕದವರು ಆರ್.ಟಿ. ನಗರದ ಕಡೆ, ಯಶವಂತಪುರದವರು ಹೆಬ್ಬಾಳದ ಕಡೆ ಕೇಳಿ ನೋಡಿ. ಇಂಥ ಏರಿಯಾದವರು ಇಲ್ಲೇ ಬರಬೇಕು ಅನ್ನೋ ನಿಯಮ ಇಲ್ಲ. ಕ್ಲೋಸ್ಡ್ ಮೀಟಿಂಗ್‌ಗೆ ಕುಡಿತದ ಸಮಸ್ಯೆ ಇರುವವರು ಮಾತ್ರ ಬರ್ತಾರೆ. ಅಲ್ಲಿ ಗುರುತಿನವರು ಸಿಕ್ಕರೂ, ಅವರು ಬಂದಿರೋದೂ ನಿಮ್ಮ ಕಾರಣಕ್ಕೇ. ಓಪನ್ ಮೀಟಿಂಗ್‌ಗೆ ಮನೆಯವರೂ ಬರಬಹುದು.

ಒಳಗೆ ಏನಾಗುತ್ತೆ?

ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳ್ತಾರೆ. ಮಧ್ಯೆ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ನಿಮ್ಮ ಸರದಿ ಬಂದಾಗ ಹೆಸರಷ್ಟೇ ಹೇಳಿ ಸುಮ್ಮನೆ ಕೂರಬಹುದು. ಖರ್ಚಿಗೆ ಅಂತ ಒಂದು ಡಬ್ಬಿ ಸುತ್ತು ಬರುತ್ತೆ, ಹೊಸಬರು ಹಾಕಲೇಬೇಕು ಅಂತಿಲ್ಲ. ಮೀಟಿಂಗ್ ಚರ್ಚ್ ಹಾಲ್‌ನಲ್ಲೋ ಶಾಲೆಯಲ್ಲೋ ನಡೆದರೂ ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ದೇವರ ಮಾತು ಬರುತ್ತೆ, ಯಾವ ದೇವರು ಅನ್ನೋದು ನಿಮಗೇ ಬಿಟ್ಟಿದ್ದು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಒಂದೇ ದಿನ ನೋಡಿ ಇದು ನಮಗಲ್ಲ ಅಂತ ತೀರ್ಮಾನ ಮಾಡಬೇಡಿ.

ಮೊದಲು ಡಾಕ್ಟರ್, ಆಮೇಲೆ ಮೀಟಿಂಗ್

ಇದನ್ನ ತಪ್ಪದೇ ಓದಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯೋರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಕೈಕಾಲು ನಡುಗುತ್ತೆ, ನಿದ್ದೆ ಬರಲ್ಲ. ಕೆಲವರಿಗೆ ಫಿಟ್ಸ್ ಬರುತ್ತೆ, ಇಲ್ಲದ್ದೆಲ್ಲ ಕಂಡು ಬಡಬಡಿಸ್ತಾರೆ. ಪ್ರಾಣಕ್ಕೇ ಅಪಾಯ ಆಗಬಹುದು. ಬೆಳಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ನಡುಕ ಬರುತ್ತೆ ಅನ್ನೋರು ಮೊದಲು ಡಾಕ್ಟರ್ ಹತ್ತಿರ ಹೋಗಲೇಬೇಕು. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗ ಇದೆ. ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್‌ವರೆಗೆ ಹೋಗಿ, ಅಲ್ಲಿಂದ ಆಟೋ ಹಿಡಿಯಬಹುದು. ಫಿಟ್ಸ್ ಬಂದರೆ ಮೀಟಿಂಗೂ ಬೇಡ, ಮನೆಮದ್ದೂ ಬೇಡ, 108ಕ್ಕೆ ಕರೆ ಮಾಡಿ.

ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಡಿ ಅನ್ನೋ ಪುಡಿ, ಮಾತ್ರೆಗಳ ಜಾಹೀರಾತು ನಂಬಬೇಡಿ. ಡೈಸಲ್ಫಿರಾಮ್ ಅನ್ನೋ ಮಾತ್ರೆ ತಗೊಂಡವರು ಮೇಲೆ ಕುಡಿದರೆ ವಾಂತಿ ಆಗುತ್ತೆ, ಎದೆ ಬಡಿತ ಏರುತ್ತೆ, ಬಿಪಿ ಕುಸಿಯಬಹುದು. ಕುಡಿಯುವವರಿಗೆ ಗೊತ್ತಿಲ್ಲದೆ ಅದನ್ನ ಕೊಡೋದು ಜೀವದ ಜೊತೆ ಆಟ.

ಮನೆಯವರಿಗೆ

ಅವರು ಬರಲ್ಲ ಅಂದರೂ ನೀವು ಹೋಗೋಕೆ ಜಾಗ ಇದೆ. ಹೆಂಡತಿ, ಅಪ್ಪ-ಅಮ್ಮ, ಅಣ್ಣ-ತಮ್ಮಂದಿರಿಗೆ ಅಲ್-ಅನಾನ್, ಹದಿಹರೆಯದ ಮಕ್ಕಳಿಗೆ ಅಲಟೀನ್. ಕನ್ನಡದ ವಾತಾವರಣವೇ ಬೇಕು ಅನ್ನೋರು ಧರ್ಮಸ್ಥಳದ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳ ಬಗ್ಗೆ ವಿಚಾರಿಸಬಹುದು. ಶಿಬಿರ ಮುಗಿಸಿದವರು ಒಟ್ಟಿಗೆ ಸೇರೋಕೆ ನವಜೀವನ ಸಮಿತಿಗಳಿವೆ.

ಮತ್ತೆ ಕುಡಿದುಬಿಟ್ರೆ?

ಎಎಯಿಂದ ಯಾರನ್ನೂ ಹೊರಗೆ ಹಾಕಲ್ಲ. ಇವತ್ತೊಂದು ದಿನ ಕುಡಿಯಲ್ಲ ಅನ್ನೋದಷ್ಟೇ ಅಲ್ಲಿನ ಲೆಕ್ಕ. ತಪ್ಪಿದವರು ನಾಚಿಕೆಯಿಂದ ಮನೆಯಲ್ಲಿ ಕೂತರೆ ಕುಡಿತ ಇನ್ನೂ ಜಾಸ್ತಿ ಆಗುತ್ತೆ. ಮುಂದಿನ ಮೀಟಿಂಗ್ ಯಾವತ್ತು ಅಂತ ಕೇಳಿಕೊಂಡು ಮತ್ತೆ ಹೋಗಿ. ಅಲ್ಲಿ ಕೂತಿರೋರಲ್ಲಿ ಹೀಗೆ ಎಷ್ಟೋ ಸಲ ವಾಪಸ್ ಬಂದವರೂ ಇರ್ತಾರೆ.