ಹಾಟ್ ರಾಡ್ ಬಣ್ಣಲೇಪ
ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಅಮೆರಿಕನ್ ಕಾರುಗಳಿಗೆ, ಉದಾಹರಣೆಗೆ 1932ರ ಫೋರ್ಡ್‌ಗೆ, ಬಳಿಯುವ ಹೊರಲೇಪ. ಇಂಥ ಲೇಪಗಳಲ್ಲಿ ಹೆಸರಾದದ್ದು ಕ್ಯಾಂಡಿ ಆಪಲ್ ಕೆಂಪು. 1950ರ ದಶಕದಲ್ಲಿ ಇದನ್ನು ರೂಪಿಸಿದ ಕೀರ್ತಿ ಕ್ಯಾಲಿಫೋರ್ನಿಯಾದ ಜೋ ಬೈಲನ್‌ಗೆ ಸಲ್ಲುತ್ತದೆ. ಚಿನ್ನ ಅಥವಾ ಬೆಳ್ಳಿ ಬಣ್ಣದ ಲೋಹೀಯ ತಳದ ಮೇಲೆ ಪಾರದರ್ಶಕ ಕೆಂಪನ್ನು ಪದರಪದರವಾಗಿ ಸಿಂಪಡಿಸಿ, ಕೊನೆಗೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಹಾಕುತ್ತಾರೆ. ಬೆಳಕು ಕೆಂಪನ್ನು ಹಾದು ತಳಕ್ಕೆ ಬಡಿದು ಮರಳುವುದರಿಂದ ಬಣ್ಣಕ್ಕೆ ಆಳ ಬರುತ್ತದೆ. ಒಂದು ಪದರ ಹೆಚ್ಚಾದರೂ ಛಾಯೆ ಗಾಢವಾಗುತ್ತದೆ. ಹಾಗಾಗಿ ಗೀರು ಬಿದ್ದರೆ ಅಷ್ಟಕ್ಕೇ ಬಳಿದು ಹೊಂದಿಸುವುದು ನುರಿತವರಿಗೂ ಕಷ್ಟ. ದಿನವೂ ಓಡಿಸುವ ಗಾಡಿಗೆ ಇದು ದುಬಾರಿ ಶೋಕಿಯೇ ಸರಿ. ಹೊಳಪಿಲ್ಲದ ಪ್ರೈಮರ್ (ಅಡಿಲೇಪ) ನೋಟಕ್ಕೂ ಅಭಿಮಾನಿಗಳಿದ್ದಾರೆ. ಆದರೆ ಸಾಮಾನ್ಯ ಪ್ರೈಮರ್ ತೇವ ಹೀರಿ ತಗಡಿಗೆ ತುಕ್ಕು ಹಿಡಿಸುವುದರಿಂದ ಈಗ ಹೊಳಪಿಲ್ಲದ ಮ್ಯಾಟ್ ಕ್ಲಿಯರ್ ಕೋಟ್ ಬಳಸುವುದುಂಟು. ಅದನ್ನು ಪಾಲಿಷ್ ಮಾಡುವಂತಿಲ್ಲ. ಉಜ್ಜಿದ ಕಡೆ ಹೊಳಪಿನ ಕಲೆ ಉಳಿಯುತ್ತದೆ.