ಅಕ್ಷರ ಉಳಿಯುವುದು ಎಲ್ಲಿ? ಎರ್ರಗುಡಿಯ ಬಂಡೆ ಮತ್ತು ಕೊರಿಯಾದ ಅರಮನೆ



ಶಾಲಾ ಪ್ರವೇಶದ ಕಾಲ ಬಂದಾಗಲೆಲ್ಲ ಆದೋನಿ, ಆಲೂರು, ಕೌತಾಳಂ, ಹೊಳಗುಂದ ಕಡೆಯ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ರಾಜ್ಯದ ವ್ಯವಹಾರಕ್ಕೆ ತೆಲುಗು ಬೇಕು, ಉದ್ಯೋಗಕ್ಕೆ ಇಂಗ್ಲಿಷ್ ಬೇಕು. ಇವುಗಳ ಜೊತೆಗೆ ಕನ್ನಡದ ಅಕ್ಷರಮಾಲೆಯ ಹೊರೆಯನ್ನೂ ಮಗುವಿನ ಮೇಲೆ ಹೇರಬೇಕೆ? ಮನೆಯಲ್ಲಿ ಕನ್ನಡ ಮಾತನಾಡಿದರೆ ಸಾಲದೆ? ಇದು ಮಕ್ಕಳ ಭವಿಷ್ಯದ ಚಿಂತೆಯಿಂದ ಹುಟ್ಟಿದ ಪ್ರಶ್ನೆ. ಇದಕ್ಕೆ ಉತ್ತರ ಕೊಡುವ ಮೊದಲು ಅಕ್ಷರಗಳು ಎಲ್ಲಿಂದ ಬಂದವು, ಹೇಗೆ ಉಳಿದವು ಎಂಬುದನ್ನು ಅರಿಯುವುದು ಒಳಿತು.

ಆ ಚರಿತ್ರೆಯ ಮೊದಲ ಪುಟ ನಮ್ಮ ನೆರೆಯಲ್ಲೇ ಇದೆ. ಪತ್ತಿಕೊಂಡ ಸೀಮೆಯ ಎರ್ರಗುಡಿಯಲ್ಲಿ ಹಾಗೂ ರಾಜುಲಮಂಡಗಿರಿಯಲ್ಲಿ ಅಶೋಕನ ಶಾಸನಗಳಿವೆ. ಕ್ರಿ.ಪೂ. 3ನೆಯ ಶತಮಾನದ ಆ ಬರಹದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಎರ್ರಗುಡಿಯ ಕಿರುಶಾಸನದಲ್ಲಿ ಒಂದು ವಿಚಿತ್ರವಿದೆ. ಅದರ ಕೆಲವು ಸಾಲುಗಳು ಎಡದಿಂದ ಬಲಕ್ಕೆ ಸಾಗಿದರೆ ಕೆಲವು ಬಲದಿಂದ ಎಡಕ್ಕೆ, ಹೊಲ ಉಳುವ ಎತ್ತು ತಿರುಗಿ ಬರುವಂತೆ, ಸಾಗುತ್ತವೆ. ಅದರಲ್ಲಿರುವ ಆಜ್ಞೆಯೂ ಗಮನಾರ್ಹವಾದುದು. ತಂದೆತಾಯಿಗಳಿಗೂ ಗುರುಗಳಿಗೂ ವಿಧೇಯರಾಗಿರಬೇಕೆಂದು ಹೇಳುವ ಆ ಶಾಸನವು ಲಿಪಿಕಾರರೂ ಆನೆಸವಾರರೂ ಬ್ರಾಹ್ಮಣ ಗುರುಗಳೂ ತಮ್ಮ ಶಿಷ್ಯರಿಗೆ ಹಿಂದಿನ ಸಂಪ್ರದಾಯದಂತೆ ಕಲಿಸಬೇಕೆಂದು ವಿಧಿಸುತ್ತದೆ. ನಮ್ಮ ನೆಲದ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಕಲಿಕೆಯ ವಿಷಯವನ್ನೇ ಹೇಳುತ್ತಿದೆ ಎಂಬುದು ಸಣ್ಣ ಮಾತಲ್ಲ.

ಇಂದಿನ ಕನ್ನಡ, ತೆಲುಗು ಅಕ್ಷರಗಳೆರಡೂ ಆ ಬ್ರಾಹ್ಮಿಯ ಸಂತತಿ. ಬ್ರಾಹ್ಮಿಯ ‘ಕ’ ಒಂದು ಕೂಡಿಸುವ ಚಿಹ್ನೆ. ‘ಗ’ ತಲೆಕೆಳಗಾದ ಕವೆಗೋಲು. ‘ರ’ ಒಂದು ನೇರ ಗೆರೆ. ‘ಠ’ ಒಂದು ವೃತ್ತ. ಶತಮಾನಗಳ ಕಾಲ ಶಿಲ್ಪಿಯ ಉಳಿಯೂ ಲಿಪಿಕಾರನ ಕಂಠವೂ ತಿದ್ದಿದ ಮೇಲೆ ಗೆರೆಗಳು ಬಾಗಿದವು, ತಲೆಕಟ್ಟು ಮೂಡಿತು. ‘ಗ’ದ ಕಮಾನನ್ನೂ ‘ಠ’ದ ವೃತ್ತವನ್ನೂ ಇಂದಿಗೂ ಗುರುತಿಸಬಹುದು. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದ ಹೊತ್ತಿಗೆ ಆ ಲಿಪಿ ಕನ್ನಡವನ್ನು ಹಿಡಿದಿಡಲು ಶಕ್ತವಾಗಿತ್ತು. 7ನೆಯ ಶತಮಾನದಲ್ಲಿ ಬಾದಾಮಿಯ ಚಾಲುಕ್ಯರ ಒಂದು ಶಾಖೆ ವೆಂಗಿಯಲ್ಲಿ ನೆಲೆಸಿದಾಗ ಎರಡೂ ಕಡೆ ಬಹುಮಟ್ಟಿಗೆ ಒಂದೇ ಬರಹ ನಡೆಯಿತು. ವಿದ್ವಾಂಸರು ಅದನ್ನು ‘ಕನ್ನಡ-ತೆಲುಗು ಲಿಪಿ’ ಎಂದೇ ಕರೆಯುತ್ತಾರೆ. ಪಂಪನ ತಮ್ಮ ಜಿನವಲ್ಲಭ 10ನೆಯ ಶತಮಾನದಲ್ಲಿ ತೆಲಂಗಾಣದ ಕುರಿಕ್ಯಾಲದಲ್ಲಿ ಹಾಕಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಎರಡು ಲಿಪಿಗಳು ಸುಮಾರು 13ನೆಯ ಶತಮಾನದಿಂದೀಚೆಗೆ ಮೆಲ್ಲನೆ ಬೇರೆಯಾಗತೊಡಗಿದವು. 19ನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಬಂದ ಮೇಲೆ ಆ ಭೇದ ಸ್ಥಿರವಾಯಿತು.

ಈ ಅಕ್ಷರಗಳಿಗೆ ಕರ್ತೃ ಯಾರು? ಹೆಸರಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆಯಾದರೂ ಆತ ಬರೆದವನೇ ಹೊರತು ಲಿಪಿಯನ್ನು ಸೃಷ್ಟಿಸಿದವನಲ್ಲ.

ಲೋಕದಲ್ಲಿ ಇದಕ್ಕೆ ಒಂದು ಪ್ರಸಿದ್ಧ ಅಪವಾದವಿದೆ. ಕೊರಿಯಾದ ಅಕ್ಷರಮಾಲೆಗೆ ಕರ್ತೃವೂ ಗೊತ್ತು, ವರ್ಷವೂ ಗೊತ್ತು. ಕೊರಿಯನ್ನರು ತಮ್ಮ ಭಾಷೆಗೆ ಹೊಂದದ ಚೀನೀ ಲಿಪಿಯನ್ನು ಬಳಸುತ್ತಿದ್ದ ಕಾಲದಲ್ಲಿ, ಸಾಮಾನ್ಯ ಪ್ರಜೆ ತನ್ನ ಮನಸ್ಸಿನಲ್ಲಿರುವುದನ್ನು ಬರೆದು ತಿಳಿಸಲಾರದೆ ಇರುವುದನ್ನು ಕಂಡು ಮರುಗಿದ ಸೆಜೊಂಗ್ ದೊರೆ 1443ರಲ್ಲಿ 28 ಅಕ್ಷರಗಳನ್ನು ರಚಿಸಿ 1446ರಲ್ಲಿ ಪ್ರಕಟಿಸಿದನು. ಅದೇ ಇಂದಿನ ಹಂಗುಲ್. ಈಗ ಅದರಲ್ಲಿ 24 ಮೂಲಾಕ್ಷರಗಳಿವೆ. ಮೂಲ ವ್ಯಂಜನಗಳ ಆಕಾರವು ಉಚ್ಚರಿಸುವಾಗ ನಾಲಗೆ, ತುಟಿ, ಹಲ್ಲು, ಗಂಟಲು ತಾಳುವ ಆಕಾರವನ್ನು ಅನುಸರಿಸಿದೆ. ‘ಕ’ಕಾರಕ್ಕೆ ಒಂದು ಗೆರೆ ಕೂಡಿಸಿದರೆ ‘ಖ’ಕಾರವಾಗುತ್ತದೆ. ನಮ್ಮ ಶಾಲೆಯಲ್ಲಿ ‘ದ’ದ ಹೊಟ್ಟೆ ಸೀಳಿ ‘ಧ’ ಬರೆಯುವುದನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಧ್ವನಿಗಳನ್ನು ಹುಟ್ಟುವ ಸ್ಥಾನಕ್ಕನುಸಾರವಾಗಿ ವರ್ಗೀಕರಿಸುವ ನಮ್ಮ ‘ಕ-ಚ-ಟ-ತ-ಪ’ ಕ್ರಮದ ಅರಿವು ಬೌದ್ಧರ ಮೂಲಕ ಚೀನಾದ ಧ್ವನಿಶಾಸ್ತ್ರವನ್ನು ಸೇರಿತ್ತು; ಸೆಜೊಂಗ್ ಆ ಶಾಸ್ತ್ರವನ್ನು ಬಲ್ಲವನಾಗಿದ್ದನು.

ಆದರೆ ನಮಗೆ ಪಾಠವಿರುವುದು ಆಮೇಲಿನ ಕಥೆಯಲ್ಲಿ. 1444ರಲ್ಲಿಯೇ ಚೊಯೆ ಮಲ್ಲಿ ಎಂಬ ವಿದ್ವಾಂಸನೂ ಆತನ ಸಂಗಡಿಗರೂ ದೊರೆಗೆ ವಿರೋಧಪತ್ರ ಸಲ್ಲಿಸಿದರು. ನಾಗರಿಕ ಲೋಕದ ಲಿಪಿ ಚೀನೀ ಲಿಪಿ. ಬೇರೆ ಲಿಪಿ ಮಾಡಿಕೊಂಡರೆ ನಾವು ಅನಾಗರಿಕರ ಸಾಲಿಗೆ ಸೇರುತ್ತೇವೆ. ಸುಲಭದ ಅಕ್ಷರ ಸಿಕ್ಕರೆ ಗಂಭೀರ ವಿದ್ಯೆಯನ್ನು ಯಾರೂ ಕಲಿಯಲಾರರು ಎಂಬುದು ಅವರ ವಾದ. ದೊಡ್ಡ ಭಾಷೆಯ ನೆರಳಿನಲ್ಲಿ ಬದುಕುವವರಿಗೆ ಈ ಭಯ ಹೊಸದಲ್ಲ. ನಮ್ಮ ಪ್ರವೇಶದ ಋತುವಿನ ಮಾತುಗಳಲ್ಲಿಯೂ ಅದರ ಧ್ವನಿ ಕೇಳುತ್ತದೆ. ದೊರೆಯೇ ಮಾಡಿದ ಲಿಪಿಯಾದರೂ 1894ರವರೆಗೆ, ಅಂದರೆ ಸುಮಾರು 450 ವರ್ಷ, ಅದಕ್ಕೆ ಸರಕಾರಿ ಕಾಗದಪತ್ರಗಳಲ್ಲಿ ಮುಖ್ಯ ಸ್ಥಾನ ದೊರೆಯಲಿಲ್ಲ. ಅಷ್ಟು ಕಾಲ ಅದನ್ನು ಉಳಿಸಿದವರು ಮುಖ್ಯವಾಗಿ ಹೆಂಗಸರೂ ಸಾಮಾನ್ಯ ಜನರೂ. ಅವರು ಅದರಲ್ಲಿ ಕಾಗದ ಬರೆದರು, ಕಥೆ ಓದಿದರು, ಮಕ್ಕಳಿಗೆ ಕಲಿಸಿದರು. ಜಪಾನಿನ ಆಳ್ವಿಕೆಯಲ್ಲಿ 1938ರಲ್ಲಿ ಶಾಲೆಯ ಕೊರಿಯನ್ ಪಾಠ ಐಚ್ಛಿಕವಾಯಿತು. ಬಳಿಕ ಶಾಲೆಗಳಿಂದ ಮರೆಯಾಯಿತು. 1942ರಲ್ಲಿ ನಿಘಂಟು ಸಿದ್ಧಪಡಿಸುತ್ತಿದ್ದ ವಿದ್ವಾಂಸರ ಬಂಧನವಾಯಿತು. ಆದರೂ ಅಕ್ಷರ ಅಳಿಯಲಿಲ್ಲ, ಏಕೆಂದರೆ ಮನೆಗಳಲ್ಲಿ ಅದನ್ನು ಓದಬಲ್ಲವರಿದ್ದರು.

ಈಗ ನಮ್ಮ ಸಂಗತಿಗೆ ಬರೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದವು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಇಂಥವರನ್ನು ಸಂವಿಧಾನ ಮರೆತಿಲ್ಲ. 29ನೆಯ ವಿಧಿಯು ವಿಶಿಷ್ಟವಾದ ಭಾಷೆ, ಲಿಪಿ ಅಥವಾ ಸಂಸ್ಕೃತಿಯನ್ನು ಹೊಂದಿದ ಪ್ರಜೆಗಳಿಗೆ ಅದನ್ನು ಕಾಪಾಡಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಅಲ್ಲಿ ಭಾಷೆಯ ಪಕ್ಕದಲ್ಲಿ ‘ಲಿಪಿ’ಯನ್ನು ಬೇರೆಯಾಗಿಯೇ ಹೆಸರಿಸಲಾಗಿದೆ. 1956ರಲ್ಲಿ ಸೇರಿದ 350 ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಆದರೆ ಹೆಸರು ದಾಖಲಿಸುವ ಮಕ್ಕಳಿಲ್ಲದ ತರಗತಿಯನ್ನು ಯಾವ ವಿಧಿಯೂ ಉಳಿಸಲಾರದು.

ಹೊರೆಯ ಮಾತಿಗೂ ಚರಿತ್ರೆಯಲ್ಲಿ ಉತ್ತರವಿದೆ. ಗ, ಜ, ದ, ನ, ಬ, ರ, ಲ ಮುಂತಾದ ಅನೇಕ ಅಕ್ಷರಗಳು ಕನ್ನಡದಲ್ಲೂ ತೆಲುಗಿನಲ್ಲೂ ತಲೆಕಟ್ಟಿನ ಭೇದ ಬಿಟ್ಟರೆ ಬಹುತೇಕ ಒಂದೇ. ಕ, ತ, ಶ, ಹಗಳಂಥ ಕೆಲವನ್ನು ಬೇರೆಯಾಗಿ ಕಲಿಯಬೇಕು. ಎರಡರಲ್ಲಿ ಒಂದನ್ನು ಕಲಿತ ಮಗು ಇನ್ನೊಂದರ ಹೊಸ್ತಿಲಲ್ಲೇ ನಿಂತಿರುತ್ತದೆ. ಕನ್ನಡ ಓದಿದ ಮಗುವಿಗೆ ತೆಲುಗು ದೂರವಾಗುವುದಿಲ್ಲ. ತೆಲುಗು ಕಲಿಯಲೆಂದು ಕನ್ನಡವನ್ನು ಬಿಡಬೇಕಾಗಿಯೂ ಇಲ್ಲ.

ಬರಿಯ ಮಾತು ಒಂದು ತಲೆಮಾರು, ಎರಡು ತಲೆಮಾರು ಮನೆಯಲ್ಲಿ ಉಳಿಯಬಹುದು. ಓದು ಬಾರದಿದ್ದರೆ ಅಜ್ಜಿ ಬರೆದಿಟ್ಟ ಹಾಡಿನ ಪುಸ್ತಕ, ಅಜ್ಜನ ಜಮೀನಿನ ಹಳೆಯ ಕಾಗದ, ಬಂಧುಗಳ ಮದುವೆಯ ಕರೆಯೋಲೆ ಇವೆಲ್ಲ ಮೊಮ್ಮಕ್ಕಳ ಪಾಲಿಗೆ ಮೂಕವಾಗುತ್ತವೆ. ಹತ್ತಿರದಲ್ಲಿ ಕನ್ನಡ ತರಗತಿ ಇದ್ದರೆ ಮಗುವಿನ ಹೆಸರನ್ನು ಅಲ್ಲಿ ದಾಖಲಿಸಿರಿ. ಇಲ್ಲದಿದ್ದರೆ ಇತರ ಪೋಷಕರೊಡನೆ ಕೂಡಿ ಲಿಖಿತ ಮನವಿ ಕೊಡಿರಿ. ಅದು ಕೈಗೂಡುವವರೆಗೆ ದಿನಕ್ಕೆ ಅರ್ಧ ಗಂಟೆ ಮನೆಯಲ್ಲೇ ಮಗುವಿನ ಕೈಹಿಡಿದು ಅಕ್ಷರ ತಿದ್ದಿಸಿರಿ. ಕೊರಿಯಾದ ತಾಯಂದಿರು ತಮ್ಮ ಅಕ್ಷರವನ್ನು ಶತಮಾನಗಳ ಕಾಲ ಉಳಿಸಿದ್ದು ಹೀಗೆಯೇ.